ಗಾಳಿ ದಿಂಬಿನ ಮೇಲೆ ಕೂತ ಮಕ್ಕಳು

ಮಕ್ಕಳ ಸುರಕ್ಷಿತ ಪ್ರಯಾಣ ಅಭಿಯಾನದ ಮಾನ್ಯ ಅಧ್ಯಕ್ಷರೇ,

ಕಾರಿನಲ್ಲಿ ಮಕ್ಕಳನ್ನು ಎತ್ತರಿಸಿ ಕೂರಿಸಲೆಂದು ನೀವು ಹಂಚಿದ, ಗಾಳಿ ತುಂಬುವ ಬೂಸ್ಟರ್ ಸೀಟುಗಳನ್ನು ವಾಪಸು ಪಡೆಯಿರಿ. ಇದನ್ನು ನಿಮ್ಮ ಕಚೇರಿಯ ಪ್ರತಿ ಮೇಜಿನ ಮುಂದೆಯೂ ನಿಂತು ಹೇಳಿದ್ದೇನೆ. ಇನ್ನು ಕೂಗಾಡುವ ಶಕ್ತಿಯಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಬೀದರಿನ ವೇದಿಕೆಯಲ್ಲಿ ನನ್ನ ಆರು ವರ್ಷದ ಮಗಳು ಶೇವಂತಿಯ ಕೈಗೆ ಅದನ್ನು ಕೊಟ್ಟವರು ನೀವೇ. ಮಡಚಿದರೆ ಚೀಲದಲ್ಲಿ ಹಿಡಿಸುವ, ಊದಿದರೆ ದಿಂಬಿನಂತಾಗುವ ವಸ್ತು. “ಇನ್ನ ಕೂಸಿನ ಚಿಂತಿ ಬಿಡ್ರಿ” ಎಂದಿರಿ. ಫೋಟೊ ಸರಿಯಾಗಿ ಬರಲಿಲ್ಲವೆಂದು ಅವಳು ಅದನ್ನು ಮತ್ತೊಮ್ಮೆ ಸ್ವೀಕರಿಸಬೇಕಾಯಿತು. ನಾನು ಚಿಂತೆ ಬಿಟ್ಟೆ. ಅಧಿಕಾರದಲ್ಲಿದ್ದವರು ಅಪ್ಪಣೆ ಕೊಟ್ಟ ಮೇಲೂ ಚಿಂತಿಸುವುದು ಉದ್ಧಟತನವಲ್ಲವೇ?

ಈ ಬೇಸಿಗೆಯಲ್ಲಿ ನಾನು, ಹೆಂಡತಿ ಸುಭದ್ರಾಬಾಯಿ ಮತ್ತು ಮಗಳು ಸಾಯಗಾಂವಕ್ಕೆ, ಹೆಂಡತಿಯ ತವರಿಗೆ, ಹೊರಟಿದ್ದೆವು. ಹಲಬರ್ಗಾ ದಾಟಿದ ಮೇಲೆ ತಿರುವಿನಲ್ಲಿ ಕುರಿ ಹಿಂಡೊಂದು ರಸ್ತೆಗೆ ಬಂತು. ಬ್ರೇಕ್ ಒತ್ತಿದೆ. ಕಾರು ನಿಂತಿತು. ಒಂದು ಕುರಿಗೂ ತಾಗಲಿಲ್ಲ, ಒಂದು ಗಾಜೂ ಬಿರುಕು ಬಿಡಲಿಲ್ಲ. ಬಚಾವಾದೆವು ಎಂದುಕೊಂಡು ಹಿಂದೆ ತಿರುಗಿದರೆ, ದಿಂಬು ಮುದ್ದೆಯಾಗಿ ಮುಂದಕ್ಕೆ ಜಾರಿತ್ತು. ಅದರ ಜೊತೆ ಶೇವಂತಿಯೂ ಜಾರಿದ್ದಳು. ತೊಡೆಯ ಮೇಲಿರಬೇಕಾದ ಬೆಲ್ಟು ಹೊಟ್ಟೆಯೊಳಗೆ ಹೂತುಹೋದಂತೆ ಬಿಗಿದಿತ್ತು.

“ಅಪ್ಪಾ, ಉಸ್ರ ಬರ್ವಲ್ದು” ಎಂದಳು.

ಎಷ್ಟು ಒತ್ತಿದರೂ ಬಕಲ್ ಬಿಚ್ಚಿಕೊಳ್ಳಲಿಲ್ಲ. ಕುರಿ ಕಾಯುವ ಮಡೆಪ್ಪ ಓಡಿಬಂದ. “ಅಕ್ಕಾರ, ನೀವು ಕೂಸಿನ ತಲಿ ಹಿಡೀರಿ” ಎಂದವನೇ ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಬೆಲ್ಟನ್ನು ಕತ್ತರಿಸಿದ. ಔರಾದ ಕಡೆಯ ಬಾವಿಗಳೆಲ್ಲ ಬತ್ತಿ, ಮೇವು ನೀರು ಹುಡುಕುತ್ತ ಹೊರಟವನು ಅವನು. ಹಿಂಡನ್ನು ಹೆಂಡತಿ ಕಾಂತಾಬಾಯಿಗೆ ಬಿಟ್ಟು ನಮ್ಮ ಜೊತೆ ಭಾಲ್ಕಿಯ ಆಸ್ಪತ್ರೆಗೆ ಬಂದ. ಆಪರೇಷನ್ ಮುಗಿಯುವವರೆಗೂ ಕಂಬಳಿ ಹೊದ್ದು ಹೊರಗೆ ಕೂತಿದ್ದ.

ಕರುಳು ಹರಿದಿತ್ತು. ಮಗಳು ಉಳಿದಳು. ವೈದ್ಯರು ಆ ದಿಂಬನ್ನು ಹಿಚುಕಿ ನೋಡಿ ನನಗೆ ವಿವರಿಸಿದರು: ಬೂಸ್ಟರ್ ಸೀಟಿನ ಕೆಲಸ ಮಗುವನ್ನು ಎತ್ತರಿಸುವುದಷ್ಟೇ ಅಲ್ಲ, ಬೆಲ್ಟನ್ನು ತೊಡೆಯ ಮೇಲೆಯೇ ಹಿಡಿದಿಡುವುದು. ಅದಕ್ಕೆ ಗಟ್ಟಿಯಾದ ತಳ ಬೇಕು, ಬೆಲ್ಟು ಮೇಲೇರದಂತೆ ತಡೆಯುವ ಕೊಕ್ಕೆ ಬೇಕು. ಮಡಚಿ ಒಯ್ಯುವಂಥವುಗಳಲ್ಲೂ ಒಳ್ಳೆಯವು ಸಿಗುತ್ತವಂತೆ. ನೀವು ಹಂಚಿದ್ದರಲ್ಲಿ ತಳವೂ ಇಲ್ಲ, ಕೊಕ್ಕೆಯೂ ಇಲ್ಲ. ಮೇಲೆ ಅಭಿಯಾನದ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿದೆ. ಹಂಚುವ ಮೊದಲು ಒಂದು ಮಗುವನ್ನಾದರೂ ಕೂರಿಸಿ ನೋಡಿದ್ದಿರಾ? ಅಥವಾ ಆ ಪರೀಕ್ಷೆಯನ್ನು ನನ್ನ ಮಗಳಿಗೆಂದೇ ಮೀಸಲಿಟ್ಟಿದ್ದಿರಾ?

ಇನ್ನು ನನ್ನ ದೂರಿನ ಮೇಲೆ ನೀವು ನಡೆಸಿದ ತನಿಖೆ. “ಕುರಿಗಾಹಿಯ ನಿರ್ಲಕ್ಷ್ಯವೇ ಕಾರಣ” ಎಂದು ತೀರ್ಮಾನವಾಯಿತು. ದಿಂಬಿನ ಸುದ್ದಿಯೇ ಇಲ್ಲ. ಅದನ್ನೇ ಹಿಡಿದು ಪೊಲೀಸರು ಮಡೆಪ್ಪನನ್ನು ಠಾಣೆಗೆ ಕರೆಸಿದರು. ಅವನು ಮತ್ತೆ ಮತ್ತೆ ಬಂದು ಬಾಗಿಲ ಹೊರಗೆ ಕಾಯುವಾಗ, ನೀರಿದ್ದ ಕಡೆಗೆ ಹಿಂಡನ್ನು ಹೊಡೆದುಕೊಂಡು ಹೋಗಲಾಗದೆ ಮರಿಗಳು ಸತ್ತವು. ಅವನನ್ನು ಕಾಣಲು ನಾನು ಠಾಣೆಗೆ ಹೋದೆ. ಅವನೇ ಮೊದಲು ಕೇಳಿದ, “ಕೂಸು ಈಗ ಉಣ್ಣಾಕ ಹತ್ಯಾದೇನ್ರಿ?” ನಿಮ್ಮ ಕಚೇರಿಯಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ. “ಉಳದಾಳಲ್ರಿ, ಮತ್ತ್ಯಾಕ ತಿರಗ್ತೀರಿ?” ಎಂದರು, ಅಷ್ಟೇ.

ಮಾನ್ಯರೇ, ನಾನು ತಿರುಗುವುದು ಶೇವಂತಿಗಾಗಿ ಅಲ್ಲ. ಕಾರು ಕಂಡರೆ ಅವಳು ಹೊಟ್ಟೆ ಹಿಡಿದುಕೊಂಡು ಒಳಗೆ ಓಡುತ್ತಾಳೆ. ಇನ್ನು ಯಾವ ಸೀಟಿನ ಮೇಲೂ ಕೂರುವವಳಲ್ಲ. ಆದರೆ ಉಳಿದ ಸೀಟುಗಳು ಎಲ್ಲಿವೆ, ಗೊತ್ತೇ? ಹುಡುಕುತ್ತ ಔರಾದಕ್ಕೆ ಹೋದೆ. ಅಲ್ಲಿ ಬಾಡಿಗೆ ಕಾರು ಓಡಿಸುವ ಯುನುಸ ಈ ವರ್ಷ ಗುಳೆ ಹೋಗುವ ಸಂಸಾರಗಳನ್ನು ಹೈದರಾಬಾದಿಗೆ ಬಿಟ್ಟು ಬರುತ್ತಾನೆ. ಅವನ ಕಾರಿನ ಹಿಂದಿನ ಸೀಟಿನಲ್ಲಿ ಪಾತ್ರೆ, ಹಾಸಿಗೆ, ನಡುವೆ ನಿಮ್ಮ ದಿಂಬು. ನನ್ನ ಮಗಳಿಗಾದದ್ದನ್ನು ಹೇಳಿದೆ. ಅವನು ಪೂರ್ತಿ ಕೇಳಿದ. ಅವನ ಹೆಂಡತಿ ಆಬೇದಾ ಕಣ್ಣೊರೆಸಿಕೊಂಡಳು. ಆಮೇಲೆ ಅವನೆಂದ:

“ನಿಮ್ದು ಖರೇನೇ ಇರ್ಬೇಕ್ರಿ. ಆದ್ರ ಸಾಹೇಬ್ರು ಸ್ಟೇಜ್ ಮ್ಯಾಲ ನಿಂತು ಕೊಟ್ಟಾರ. ನಿಮ್ಮೊಬ್ಬರ ಮಾತ ಕೇಳಿ ಹ್ಯಾಂಗ ಒಗೀಲ್ರಿ? ಅವ್ರೇ ಬ್ಯಾಡ ಅಂದ್ರ ಈಗಿಂದೀಗ ತಗದು ಒಗೀತೇನಿ.”

ಊರು ಬಿಟ್ಟವರ ಮಕ್ಕಳು ಇವತ್ತೂ ಆ ದಿಂಬಿನ ಮೇಲೆ ಕೂತು ಹೊರಟಿದ್ದಾರೆ. ಯುನುಸ ನಿಮ್ಮ ಮಾತನ್ನಲ್ಲದೆ ಬೇರೆಯವರ ಮಾತನ್ನು ಕೇಳುವವನಲ್ಲ. ಆದ್ದರಿಂದ ಅದೇ ವೇದಿಕೆ ಹತ್ತಿ, ಅದೇ ಮೈಕು ಹಿಡಿದು, “ನಾವು ಕೊಟ್ಟದ್ದು ತಪ್ಪು, ತಂದು ಒಪ್ಪಿಸಿರಿ” ಎಂದು ಹೇಳಿರಿ. ಮಡೆಪ್ಪನ ಮೇಲೆ ಹೊರಿಸಿದ ತಪ್ಪನ್ನು ಹಿಂತೆಗೆಯಿರಿ. ಫೋಟೊ ಬೇಕಿದ್ದರೆ ತೆಗೆಸಿಕೊಳ್ಳಿ, ನನ್ನ ತಕರಾರಿಲ್ಲ.

ಇಂತಿ,
ನಿಮ್ಮ ಮೆಟ್ಟಿಲು ಹತ್ತಿ ಸಾಕಾದ, ಆದರೂ ಸೋಮವಾರ ಮತ್ತೆ ಹತ್ತಲಿರುವ
ಕಾಶೀರಾಮ, ಚಿದ್ರಿ, ಬೀದರ