ಕಂಬದ ಮೇಲಿನ ಪೆನ್ಸಿಲ್ ಬರಹ

ಇಸವಿ ೨೧೧೨, ಎರಡನೆಯ ಬೇಸಿಗೆಯ ಹದಿನೆಂಟನೆಯ ದಿನ.

ಹೆಸರು ತಿಳಿಯದ ಇಂಜಿನಿಯರರಿಗೆ ಇಂದುಧರ ಕೋಳೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದವನ್ನು ಪಕ್ಕಕ್ಕಿಡಬೇಡಿ. ನೀವು ಈಗ ಕಟ್ಟಿಸುತ್ತಿರುವ ಆಸ್ಪತ್ರೆಯಲ್ಲೇ, ನಿಮ್ಮ ನಂತರ ಎಷ್ಟೋ ಕಾಲಕ್ಕೆ ಹುಟ್ಟಿ, ಮೂವತ್ತೆಂಟು ವರ್ಷ ಕೆಲಸ ಮಾಡಿದವನು ನಾನು. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಮಳೆ ಬಂದರೆ ಬಂತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ನಕ್ಷೆಗಳ ಅಂಚಿನಲ್ಲಿ ನಿಮ್ಮವರು ಗೀಚಿಟ್ಟ ಟಿಪ್ಪಣಿಗಳಿಂದ. ಹಾಗಾಗಿ ಅದರಲ್ಲಿ ಸಿಮೆಂಟಿನ ವಾಸನೆ ಸ್ವಲ್ಪ ಹೆಚ್ಚು.

ನನ್ನ ಹುದ್ದೆಯನ್ನು ನೀವು ಪ್ರಾಜೆಕ್ಟ್ ಮ್ಯಾನೇಜರ್ ಎನ್ನುತ್ತೀರಂತೆ. ನಮ್ಮಲ್ಲಿ ಗೋಡೆವೈದ್ಯ ಎನ್ನುತ್ತಾರೆ. ಈ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಹೊಸ ಕಟ್ಟಡ ಅಪರೂಪ; ಇದ್ದದ್ದನ್ನೇ ಒಡೆದು, ತೇಪೆ ಹಾಕಿ ಬಳಸುತ್ತೇವೆ, ಅದೂ ರೋಗಿಗಳು ಒಳಗಿರುವಾಗಲೇ. ಗೋಡೆಯ ಈಚೆ ನಮ್ಮ ಡ್ರಿಲ್ಲು, ಆಚೆ ಯಾರದೋ ಹೆರಿಗೆ. ಬೆಳಿಗ್ಗೆ ಹತ್ತರ ನಂತರ ನೆರಳುಹೊತ್ತು. ಬಿಸಿಲಿಗೆ ಹೆದರಿ ಯಾರೂ ಅಂಗಳ ದಾಟುವಂತಿಲ್ಲ. ಆಗ ಡಾಕ್ಟರರೂ ಗಾರೆಯವರೂ ಒಂದೇ ನೆಲಮಾಳಿಗೆಯಲ್ಲಿ ಕೂತು ರೊಟ್ಟಿ ತಿನ್ನುತ್ತೇವೆ. ಊಟವಾದ ಮೇಲೆ ವಿದ್ಯಾರ್ಥಿಗಳಿಗೆ ಅಲ್ಲೇ ಪಾಠ, ನಮ್ಮವರಿಗೆ ಅಲ್ಲೇ ನಿದ್ದೆ. ಪ್ರಾಧ್ಯಾಪಕರೊಬ್ಬರು ಗೊರಕೆಯ ಲಕ್ಷಣಗಳನ್ನು ವಿವರಿಸಲು ನಮ್ಮ ಮೇಸ್ತ್ರಿಯನ್ನೇ ತೋರಿಸಿದ್ದೂ ಉಂಟು. ನಮ್ಮ ಹೊಸ ಗೋಡೆಗಳು ಮಣ್ಣಿನವು. ಅವುಗಳೊಳಗೆ ಏನಿದೆ ಎಂದು ಒಳಗನ್ನಡಿ ಎಂಬ ಯಂತ್ರ ತೋರಿಸುತ್ತದೆ. ಕಬ್ಬಿಣ ತುಂಬಿದ ನಿಮ್ಮ ಕಾಂಕ್ರೀಟಿನ ಮುಂದೆ ಮಾತ್ರ ಅದು ಕುರುಡು. ಅಲ್ಲಿ ನಮಗಿರುವುದು ನಿಮ್ಮ ನಕ್ಷೆಯೊಂದೇ. ಅದರ ಕೆಳಗೆ 'ಕಟ್ಟಿದಂತೆಯೇ ಇದೆ' ಎಂದು ಬರೆದು ಸಹಿ ಮಾಡಿದ್ದೀರಿ. ಸಹಿ ಓದಲು ಬರುವುದಿಲ್ಲ, ಅಡಿಗೆರೆಯನ್ನು ಮಾತ್ರ ಚೆನ್ನಾಗಿ ಎಳೆದಿದ್ದೀರಿ.

ಹತ್ತೊಂಬತ್ತು ವರ್ಷಗಳ ಹಿಂದೆ ನಿಮ್ಮ ಬ್ಲಾಕಿನ ಎರಡನೆಯ ಮಹಡಿಯಲ್ಲಿ ಒಂದು ಗೋಡೆ ಕೊರೆಯಬೇಕಾಗಿತ್ತು. ಬಾಣಂತಿಯರ ವಾರ್ಡಿಗೆ ಹೋಗುವ ಆಕ್ಸಿಜನ್ ಪೈಪು ಆ ಗೋಡೆಯೊಳಗಿತ್ತು. ನಕ್ಷೆಯಲ್ಲಿ ಪೈಪು ಇದ್ದ ಕಡೆಯಿಂದ ಎರಡು ಅಡಿ ಎಡಕ್ಕೆ ಸರಿದು, ಸೀಮೆಸುಣ್ಣದಲ್ಲಿ ನಾನೇ ಗೀಟು ಹಾಕಿದೆ. ಡ್ರಿಲ್ಲು ಹಿಡಿದವಳು ಖಾಸಿಂಬಿ. ಹದಿನೈದು ವರ್ಷ ನನ್ನ ಜೊತೆ ಗೋಡೆ ಕೊರೆದವಳು. ಅವಳ ಕೈ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಅವಳು ಗೋಡೆಗೆ ಅಂಗೈ ಒತ್ತಿ, "ಸಾಹೇಬ್ರ, ಇಲ್ಲಿ ಯಾಕೋ ತಣ್ಣಗ ಹತ್ತಾಕತ್ತೈತ್ರಿ. ಒಂಚೂರು ಕೆದರಿ ನೋಡೂಣೇನ್ರಿ?" ಎಂದಳು. ನೆರಳುಹೊತ್ತು ಹತ್ತಿರವಾಗುತ್ತಿತ್ತು. "ನಕ್ಷೇದಾಗ ಏನೂ ಇಲ್ಲ, ಹೊಡಿಯವಾ" ಎಂದೆ.

ಪೈಪು ಒಡೆಯಿತು. ಗಾಳಿಯ ಒತ್ತಡಕ್ಕೆ ಗಾರೆ ಸಿಡಿದು, ಅದರ ಜೊತೆ ನನ್ನ ಗೀಟೂ ಉದುರಿಹೋಯಿತು. ಏಳು ನಿಮಿಷ ಆಚೆಯ ವಾರ್ಡಿಗೆ ಆಕ್ಸಿಜನ್ ಇರಲಿಲ್ಲ. ದಾದಿಯರು ಕೈಯಿಂದಲೇ ಗಾಳಿಚೀಲ ಒತ್ತಿ ಐದು ಜನರನ್ನು ಉಳಿಸಿಕೊಂಡರು. ದುಂಡವ್ವ ಎಂಬ ಬಾಣಂತಿ ಉಳಿಯಲಿಲ್ಲ. ಅವಳ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಒಳಗೆ ಅಳೆದು ನೋಡಲು ಅಂದು ಯಾರಿಗೂ ಪುರುಸೊತ್ತಿರಲಿಲ್ಲ. ಹಳೆಯ ಪೈಪನ್ನು ಮೇಲಿನಿಂದಲೇ ಬಂದ್ ಮಾಡಿ, ಹೊಸದನ್ನು ಗೋಡೆಯ ಹೊರಗೆ ಎಳೆದು, ಗಾರೆ ಮೆತ್ತಿಬಿಟ್ಟೆವು. ವಿಚಾರಣೆಗೆ ಉಳಿದ ಸಾಕ್ಷಿ ನಿಮ್ಮ ನಕ್ಷೆ ಮಾತ್ರ. ನಕ್ಷೆಯಲ್ಲಿ ಪೈಪು ಗೀಟಿನ ಬಲಕ್ಕಿದೆ, ಹಾಗಾದರೆ ಖಾಸಿಂಬಿಯ ಡ್ರಿಲ್ಲು ಗೀಟು ಬಿಟ್ಟು ಬಲಕ್ಕೆ ಸರಿದಿರಲೇಬೇಕು ಎಂದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಅವಳು ಗೀಟಿನ ಮೇಲೇ ಇಟ್ಟಿದ್ದಳೇ? ಇಟ್ಟಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಕಣ್ಣಾರೆ ಕಂಡಿದ್ದೆ. ಆದರೆ ಡ್ರಿಲ್ಲು ಸರಿ ಎಂದರೆ ಗೀಟು ತಪ್ಪು, ಗೀಟು ನನ್ನದು. "ನಾನು ಗಮನಿಸಲಿಲ್ಲ" ಎಂದೆ.

ಖಾಸಿಂಬಿಯ ಕೈಯಿಂದ ಡ್ರಿಲ್ಲು ಕಿತ್ತುಕೊಂಡು ಅಂಗಳ ಗುಡಿಸಲು ಹಚ್ಚಿದರು. ಗೋಡೆ ತಣ್ಣಗಿತ್ತು ಎಂದು ತಾನು ಹೇಳಿದ್ದನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಎದುರಾದಾಗಲೆಲ್ಲ "ಆರಾಮ್ರೀ, ಸಾಹೇಬ್ರ?" ಎಂದು ಅವಳೇ ಮೊದಲು ಕೇಳುತ್ತಿದ್ದಳು. ನಾಳೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಪ್ರತಿಸಲವೂ ಅಂದುಕೊಂಡೆ. ಬದಲಿಗೆ ಒಂದು ಪದ್ಧತಿ ತಂದೆ. ಅದಕ್ಕೆ ಮುಚ್ಚುಓದು ಎನ್ನುತ್ತೇವೆ. ಯಾವ ಗೋಡೆಯನ್ನೇ ಮುಚ್ಚುವ ಮೊದಲು ಕೆಲಸ ಮಾಡಿದವರೆಲ್ಲ ಅದರ ಮುಂದೆ ನಿಲ್ಲಬೇಕು. ಒಳಗೆ ಏನೇನು ಎಲ್ಲೆಲ್ಲಿದೆ ಎಂದು ಗೋಡೆವೈದ್ಯ ಗಟ್ಟಿಯಾಗಿ ಓದಬೇಕು. ಒಬ್ಬೊಬ್ಬರೂ ಕಣ್ಣಿಂದ ನೋಡಿ "ಐತ್ರಿ" ಎನ್ನಬೇಕು. ಎಲ್ಲರೂ ನನ್ನನ್ನು ಹೊಗಳಿದರು, ಶಾಲು ಹೊದಿಸಿದರು. ಆ ಶಾಲಿನ ಬಗ್ಗೆ ನನಗಾಗುವ ನಾಚಿಕೆಯನ್ನು ಹೇಗೆ ಬರೆಯಲಿ? ಎರಡು ವರ್ಷದ ಹಿಂದೆ ಖಾಸಿಂಬಿ ತೀರಿಕೊಂಡಳು. ನಾನು ಮಣ್ಣಿಗೂ ಹೋಗಲಿಲ್ಲ.

ಹೋದ ತಿಂಗಳು ಆ ಗೋಡೆಯನ್ನು ಪೂರ್ತಿ ಬಿಚ್ಚಿದರು. ನಿವೃತ್ತನಾಗಿದ್ದರೂ ನೋಡಲು ಹೋದೆ. ಒಡೆದ ಪೈಪಿನ ಬಲಕ್ಕೆ, ನಕ್ಷೆಯಲ್ಲಿ ಪೈಪು ತೋರಿಸಿದ ಜಾಗದಲ್ಲೇ ಒಂದು ಕಂಬವಿತ್ತು. ಅದರ ಮೇಲೆ ನಿಮ್ಮ ಪೆನ್ಸಿಲ್ ಬರಹ: 'ಕಂಬ ಅಡ್ಡ ಬಂತು. ಪೈಪು ಎರಡಡಿ ಎಡಕ್ಕೆ. ನಕ್ಷೆ ನಾಳೆ ತಿದ್ದಬೇಕು.' ಕೆಳಗೆ ಅದೇ ಚಂದದ ಗೆರೆ. ಸಿಟ್ಟು ಬಂತು, ನಿಮಗೆ ಬಾಯಿಗೆ ಬಂದಂತೆ ಬೈದೆ. ಮನೆಗೆ ಬಂದು ಅತ್ತೆ. ನಿಮ್ಮ ಆ 'ನಾಳೆ' ನನಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಈ ಕಾಗದ ತಲುಪಿದಾಗ ಆ ಗೋಡೆ ಇನ್ನೂ ತೆರೆದಿದ್ದರೆ, ಚಹಾ ಆಮೇಲೆ ಕುಡಿಯಿರಿ. ಮೊದಲು ನಕ್ಷೆ ತಿದ್ದಿ. ದುಂಡವ್ವನ ಕೂಸು ಈಗ ಹತ್ತೊಂಬತ್ತರ ಹುಡುಗಿ, ಇಲ್ಲೇ ದಾದಿಯ ತರಬೇತಿಯಲ್ಲಿದ್ದಾಳೆ. ಅವಳಿಗೆ ತಾಯಿಯ ಮುಖ ಗೊತ್ತಿಲ್ಲ.

ಇವತ್ತು ಆ ಗೋಡೆಯನ್ನು ಮತ್ತೆ ಮುಚ್ಚುತ್ತಾರೆ. ಓದಲು ನನ್ನನ್ನೇ ಕರೆದಿದ್ದಾರೆ. ಪೈಪು, ಕಂಬ, ತಂತಿ ಎಲ್ಲ ಓದಿದ ಮೇಲೆ ಇದನ್ನೂ ಓದುತ್ತೇನೆ: 'ಗೀಟು ಕೋಳೂರನದು. ಖಾಸಿಂಬಿಯ ಡ್ರಿಲ್ಲು ಗೀಟಿನ ಮೇಲೇ ಇತ್ತು. ಕೋಳೂರ ಅದನ್ನು ನೋಡಿದ್ದ.' ಗಾರೆ ಕಲಸುವ ಗುಂಪಿನಲ್ಲಿ ಖಾಸಿಂಬಿಯ ಮಗಳು ಮೈರುನ್‌ಬಿ ಇದ್ದಾಳೆ. ಎಲ್ಲರೂ ಹೇಳಿ ಮುಗಿದರೂ, ಅವಳು "ಐತ್ರಿ" ಎನ್ನುವವರೆಗೆ ಗೋಡೆ ಮುಚ್ಚುವಂತಿಲ್ಲ. ಅದು ನಾನೇ ಮಾಡಿದ ನಿಯಮ. ಅವಳು ಎಷ್ಟು ಹೊತ್ತು ತೆಗೆದುಕೊಂಡರೂ ಅಲ್ಲಿಯೇ ನಿಂತಿರುತ್ತೇನೆ.

ಇಂತಿ,
ಇಂದುಧರ ಕೋಳೂರ