ಅಮುದಾಳ ಜಗಲಿ ಕ್ಲಾಸು

ಮಾರ್ಚ್ 3, 2024. ಹಡಗು. ಸಂಜೆ 5

ಫುಜೈರಾ ಬಂದರಿನ ಹೊರಗೆ ಲಂಗರು. ಆರನೇ ದಿನ. ಡೆಕ್ ತೊಳೆಸಿದ್ದಾಯಿತು. ಟೀ ಮುಗಿಸಿ ಕೆಡೆಟ್‌ಗಳು ಬಂದರು, ಹಗ್ಗದ ಚಾಪೆ ಹೆಣೆಯುವುದು ಕಲಿಯಲು. ಅಡುಗೆಯವನೂ ಬಂದ, ಕೈಗೆ ಮೆತ್ತಿದ ಹಿಟ್ಟು ಹಾಗೇ. ಹಳೇ ಹಗ್ಗ ಬಿಚ್ಚಿ, ಎಳೆ ಮಾಡಿ, ಮತ್ತೆ ಹೆಣೆ... ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಕ್ಯಾಪ್ಟನ್ ನಿಂತು ನೋಡಿದರು. "ಶಿವಬಾಲನ್, ಭೇಷ್!" ಅಂದರು.

ಇನ್ನು ಮೂರು ವಾರ. ಆಮೇಲೆ ಊರು.

ಮಾರ್ಚ್ 25. ಹನುಮಂತನಪಟ್ಟಿ. ಬೆಳಿಗ್ಗೆ 4

ಎಚ್ಚರ. ನೋಡಬೇಕಾದ ಹಗ್ಗವಿಲ್ಲ, ಲಂಗರಿನ ಸರಪಳಿಯಿಲ್ಲ. ದ್ರಾಕ್ಷಿ ಚಪ್ಪರದವರೆಗೆ ನಡೆದು ವಾಪಸ್ ಬಂದೆ. ಇನ್ನೂ 4.40.

ಮಧ್ಯಾಹ್ನ ಜಗಲಿಯಲ್ಲಿ ಹೆಂಡತಿ ಅಮುದಾಳ ಕ್ಲಾಸು. ಪ್ಲಾಸ್ಟಿಕ್ ವಯರ್ ಬುಟ್ಟಿ. ಹನ್ನೊಂದು ಜನ ಹೆಂಗಸರು. ನಾನಿಲ್ಲದಾಗ ಶುರು ಮಾಡಿದ್ದು, ಎರಡು ವರ್ಷವಾಯಿತಂತೆ. ಫೋನಿನಲ್ಲಿ ಹೇಳಿದ್ದಳು... ಇರಬಹುದು. ಆಂಡಿಪಟ್ಟಿಯ ಒಂದು ಮದುವೆಗೆ ಐವತ್ತು ಬುಟ್ಟಿಯ ಆರ್ಡರ್ ಬಂದಿದೆ. ಇಷ್ಟು ದೊಡ್ಡದು ಮೊದಲ ಸಲ.

ಮಾರ್ಚ್ 27

ಸುಮ್ಮನೆ ಕೂರಲಾಗಲಿಲ್ಲ. ಬುಟ್ಟಿಯ ಹಿಡಿಗೆ ಅಮುದಾ ಹಾಕಿಸುವ ಗಂಟು ನೋಡಿದೆ. ತುಂಬಾ ಸುತ್ತು ಬಳಸು. "ಇದಕ್ಕಿಂತ ಸುಲಭದ್ದಿದೆ" ಅಂದೆ. ಹಡಗಿನ ಗಂಟು ತೋರಿಸಿದೆ, ಅರ್ಧ ನಿಮಿಷ. ಮೊದಲಿಂದ ಬರುತ್ತಿರುವ ಓಚ್ಚಮ್ಮಾಳ್ ಕೈತಟ್ಟಿದಳು.

"ಅಣ್ಣೇ, ಸೂಪರ್ ಐತೆ! ಅಕ್ಕಾ, ನೀ ಯಾಕೆ ಇಷ್ಟು ದಿನ ನಮ್ಮನ್ನ ಸುತ್ತಿಸ್ದೆ?"

ಅಮುದಾ ಟೀ ಇಡಲು ಒಳಗೆ ಹೋದಳು.

ಏಪ್ರಿಲ್ 1

ಹದಿನೇಳು ಜನ! ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸಿದೆ. ಮದುವೆಯ ಬುಟ್ಟಿಗಳಿಗೆಲ್ಲ ನನ್ನದೇ ಹಿಡಿ. ಮೂವತ್ತೆಂಟು ಮುಗಿದವು. ಅಮುದಾ ಹೊರಗೆ ಬರಲಿಲ್ಲ, ಅವರೆಕಾಳು ಸುಲಿಯುವುದಿದೆಯಂತೆ. ಒಳ್ಳೆಯದೇ, ಅವಳಿಗೂ ರೆಸ್ಟ್.

ಏಪ್ರಿಲ್ 4

ಅಮುದಾ ಇಲ್ಲ. ಬೆಳಗಿನ ಬಸ್ಸಿಗೆ ಗೂಡಲೂರಿಗೆ, ಅಕ್ಕನ ಮನೆಗೆ. ಫೋನ್ ಮಾಡಿದೆ.

"ಕ್ಲಾಸ್ ನಡೀತಾ ಐತಲ್ಲ. ನೀವೇ ನಡೆಸ್ಕೊಳ್ಳಿ."

ಇಟ್ಟುಬಿಟ್ಟಳು.

ಏಪ್ರಿಲ್ 5. ಮಧ್ಯಾಹ್ನ 3

ಓಚ್ಚಮ್ಮಾಳ್ ಬರಿಯ ಹಿಡಿ ಕೈಯಲ್ಲಿ ಹಿಡಿದು ಬಂದಳು. ಬಸ್ ಸ್ಟ್ಯಾಂಡಿನಲ್ಲಿ, ನನ್ನ ಗಂಟು ಹಾಕಿದ ಅವಳ ಬುಟ್ಟಿ ಕಳಚಿ ಬಿತ್ತಂತೆ. ಐದು ಕಿಲೋ ಟೊಮೇಟೊ ರಸ್ತೆ ತುಂಬ.

"ಎಲ್ಲಾರೂ ಸಿರ್ಚಿಟ್ರು ಅಣ್ಣೇ," ಅಂದಳು. ಅವಳು ಮಾತ್ರ ನಗಲಿಲ್ಲ.

ಮದುವೆಯ ಬುಟ್ಟಿ ಒಂದೊಂದನ್ನೇ ತೆಗೆದು ಎಳೆದೆ. ಒಂದು. ಎರಡು. ಹತ್ತು... ಎಲ್ಲ ಜಾರುತ್ತವೆ. ಹಗ್ಗ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ವಯರ್ ನುಣುಪು, ಕಚ್ಚುವುದಿಲ್ಲ. ಅದಕ್ಕೇ ಅವಳ ಗಂಟು ಅಷ್ಟು ಸುತ್ತು ಬಳಸುತ್ತಿತ್ತು. ಇಷ್ಟು ಸಣ್ಣ ವಿಷಯ. ಬೋಸನ್ ನಾನು, ಹಡಗಿನ ಹಗ್ಗ-ಗಂಟುಗಳ ಮೇಸ್ತ್ರಿ.

ಹೆಂಗಸರನ್ನು ಮನೆಗೆ ಕಳಿಸಿದೆ.

ಏಪ್ರಿಲ್ 6

ಗೂಡಲೂರು. ಅಮುದಾ ತನ್ನ ಅಕ್ಕನ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಟೊಮೇಟೊ, ಮೂವತ್ತೆಂಟು ಹಿಡಿ, ಎಲ್ಲ.

"ಜಾರುತ್ತೇಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಬಾರದಾ?"

"ನೀವು ಕೇಳಿದ್ರಾ?" ಸೀರೆ ಕೊಡವಿದಳು. "ಹನ್ನೊಂದು ಜನದ ಮುಂದೆ ನನ್ನ ಗಂಟು ತಪ್ಪೂಂದ್ರಿ. ನಾನೂ ಹಂಗೇ ಎಲ್ಲಾರ ಮುಂದೆ ಹೇಳ್ಬೇಕಿತ್ತಾ?"

ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದಳು.

"ನಿಮಗೆ ಹಡಗು ಐತೆ. ಅಲ್ಲಿ ನೀವು ಹೇಳಿದ್ದೇ ಆಗ್ತದೆ. ನಂಗೆ ಇರೋದು ಆ ಜಗಲಿ ಒಂದೇ. ಅದನ್ನೂ ಎತ್ಕೊಂಡ್ರೆ ನಾ ಎಲ್ಲಿ ಕೂರಲಿ?"

ತಪ್ಪಾಯಿತು ಅಂದೆ. ಎರಡು ಸಲ. ಮೊದಲನೆಯದು ನನಗೇ ಕೇಳಿಸಿರಲಿಲ್ಲ.

"ಮದುವೆ ಯಾವಾಗ, ನೆನಪೈತಾ?"

"ಇಪ್ಪತ್ತೊಂದಕ್ಕೆ."

"ಬಸ್ ಎಷ್ಟಕ್ಕೆ?"

ಅವಳು ಮುಂದೆ ಹೆಂಗಸರ ಸೀಟಿನಲ್ಲಿ. ನಾನು ಹಿಂದೆ. ಉತ್ತಮಪಾಳಯದವರೆಗೂ ತಿರುಗಿ ನೋಡಲಿಲ್ಲ.

ಏಪ್ರಿಲ್ 8

ಹಿಡಿ ಬಿಚ್ಚುವ ಕೆಲಸ ನನ್ನದು. ಹಾಕುವುದು ಅಮುದಾ, ಓಚ್ಚಮ್ಮಾಳ್, ಉಳಿದವರು. ಬಾಗಿಲ ಮೇಲಿನ ಚಿತ್ರ ನಾನೇ ಒರೆಸಿದೆ, ಎಲ್ಲರ ಮುಂದೆ. "ನಿಮ್ಮ ಅಕ್ಕ ಹೇಳಿದ್ದೇ ಸರಿ, ನಂದು ತಪ್ಪು" ಅಂದೆ. ಅಮುದಾ ವಯರ್ ಕತ್ತರಿಸುತ್ತಲೇ ಇದ್ದಳು.

ಏಪ್ರಿಲ್ 12

ಐವತ್ತೂ ಹೋದವು. ಒಂದೊಂದರಲ್ಲೂ ಎರಡೆರಡು ಇಟ್ಟಿಗೆ ತುಂಬಿ ಎತ್ತಿ ನೋಡಿಯೇ ಕಳಿಸಿದಳು.

ಏಪ್ರಿಲ್ 15. ಸಂಜೆ

ಏಜೆನ್ಸಿಯ ಸೇಕರ್ ಫೋನ್. ಇಪ್ಪತ್ತೆಂಟಕ್ಕೆ ಸಿಂಗಪುರದಲ್ಲಿ ಹತ್ತಬೇಕು. ಹೊಸ ಹಡಗು. ಕಾಲು ಆಗಲೇ ನೆಲದ ಮೇಲಿಲ್ಲ. ಆದರೂ ನಾಳೆ ಹೇಳುತ್ತೇನೆ ಅಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಅಮುದಾ ಕೇಳಿಸಿಕೊಂಡಳು.

"ಯಾಕೆ ನಾಳೆ?"

"ನನಗೂ ಬುಟ್ಟಿ ಕಲಿಸು. ಬುಡದಿಂದ."

ನೋಡಿದಳು, ತಮಾಷೆಯೋ ಅಂತ. ಹಸಿರು ವಯರ್ ತಂದು ಮಡಿಲಿಗೆ ಹಾಕಿದಳು. ನಾಲ್ಕು ಸಾಲು ಹೆಣೆದೆ. ಬೆಳಕಿಗೆ ಹಿಡಿದು, ನಾಲ್ಕನೆಯದನ್ನು ಸರ್ರನೆ ಬಿಚ್ಚಿದಳು.

"ಮೂರು ಸರಿ. ಇದು ಹೆಣೀವಾಗ ನೀವು ಸಿಂಗಪುರಕ್ಕೆ ಹೋಗಿದ್ರಿ."

ನಕ್ಕಳು. ನಾನೂ.

ಈಗ ಕರೆಯುತ್ತಿದ್ದಾಳೆ: "ಬರ್ದದ್ದು ಸಾಕು, ಬರ್ರಿ, ಕೈ ಮರ್ತೋಯ್ತದೆ..." ಬಂದೆ ಅಂದೆ. ಸೇಕರ್‌ಗೆ ಉತ್ತರ ನಾಳೆ.