ಹೊಳೆಮ್ಮನ ಜಾಗ

ಸೆಪ್ಟೆಂಬರ್ 9, ಸೋಮವಾರ

ಅಪ್ಪನನ್ನು ಎಡಕ್ಕೆ ಹೊರಳಿಸಿದೆ. ಬೆನ್ನಿಗೆ ಪೌಡರ್. ಯೂರಿನ್ ಬ್ಯಾಗ್ ಖಾಲಿ ಮಾಡಿದೆ. ಗಂಜಿ ಆರುತ್ತಿದೆ — ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಅಜ್ಜಿಯ ತಿಥಿ ಮುಗಿಯಿತು. ಬಸ್ ಸ್ಟಾಪಿನಲ್ಲಿ ಅಪ್ಪನ ತಮ್ಮ ಜಡೆಪ್ಪ ಕಾಕಾ ಫ್ಲೆಕ್ಸ್ ಕಟ್ಟಿಸಿದ್ದಾನೆ. 'ತ್ಯಾಗಮಯಿ ಹೊಳೆಮ್ಮ'. ಅಜ್ಜಿಗೆ ರೇಷ್ಮೆ ಸೀರೆ, ಕೊರಳಿಗೆ ಸರ. ಎಲ್ಲ ಫೋಟೋಶಾಪ್. ಬೇರೆಯವರ ಬಾಳೆತೋಟದಲ್ಲಿ ಕೂಲಿ ಮಾಡಿದವಳು. ಬಾಳೆಯ ಕಲೆ ಇಲ್ಲದ ಸೀರೆ ಒಂದೋ ಎರಡೋ ಇದ್ದವು.

ಊಟವಾದ ಮೇಲೆ ಕಾಕಾ ಎಲ್ಲರ ಮುಂದೆ ಹೇಳಿದ, "ನಮ್ಮವ್ವ ಎಲ್ಲಿಗೂ ಹೋಗಿಲ್ರೀ. ಸುಷ್ಮಿತಾ ಅದಾಳಲ್ಲ. ಥೇಟ್ ಆಕಿದ ಕೈ."

ಎಲ್ಲರೂ ತಲೆಯಾಡಿಸಿದರು. ನಾನು ಎಲೆ ಎತ್ತುತ್ತಿದ್ದೆ. ಬಳ್ಳಾರಿಯಲ್ಲಿ ನರ್ಸಿಂಗ್ ಸೀಟ್ ಸಿಕ್ಕಿದೆಯಲ್ಲ, ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ.

ಸೆಪ್ಟೆಂಬರ್ 12

ಸಂಡೂರಿನ ಗಣಿ ರಸ್ತೆಯಲ್ಲಿ ಅಪ್ಪನ ಟಿಪ್ಪರ್ ಉರುಳಿದಾಗ ನಾನು ಮೂರನೇ ಕ್ಲಾಸು. ಕುತ್ತಿಗೆಯ ಕೆಳಗೆ ಏನೂ ಅಲುಗುವುದಿಲ್ಲ. ಅವ್ವ ಒಂದು ವರ್ಷ ನೋಡಿದಳು, ಆಮೇಲೆ ಕಂಪ್ಲಿಯ ತವರಿಗೆ ಹೋದಳು. ಬರಲಿಲ್ಲ.

ಅಜ್ಜಿಯೇ ಎಲ್ಲ. ಒಂದು ಕೈಯಲ್ಲಿ ಅಪ್ಪನ ಬಾಯಿಗೆ ತುತ್ತು, ಇನ್ನೊಂದರಲ್ಲಿ ನನ್ನ ಜಡೆ ಹಿಡಿದು, "ಅಲ್ಲಾಡಬ್ಯಾಡಲೇ, ಬೈತಲಿ ಸೊಟ್ಟ ಆಗ್ತತಿ!" ನಾನು ದೊಡ್ಡವಳಾದಾಗ ನಾಚಿಕೆಯಿಂದ ಅಳುತ್ತಿದ್ದರೆ ಒಂದು ಹಿಡಿ ಕೊಬ್ಬರಿ ಬೆಲ್ಲ ಬಾಯಿಗೆ ತುರುಕಿ ನಕ್ಕಿದ್ದಳು. ಪಿಯುಸಿ ರಿಸಲ್ಟ್ ದಿನ ಓಣಿಗೆಲ್ಲ ಮಿರ್ಚಿ ಭಜಿ ಹಂಚಿದಳು.

ಅಜ್ಜಿಯ ಜೀವ ಹೋದದ್ದು ಅಪ್ಪನ ಮಂಚಕ್ಕೆ ಒರಗಿ ಕೂತಲ್ಲೇ. ಅಪ್ಪ ಕೂಗಿದ್ದಾನೆ, ಕೂಗಿದ್ದಾನೆ... ನಾನು ಅಂಗಡಿಗೆ ಹೋಗಿದ್ದೆ. ಅವನಿಗೆ ಒಂದು ಕೈ ಚಾಚಲು ಆಗಲಿಲ್ಲ.

ಸೆಪ್ಟೆಂಬರ್ 20

ಕಾಕಾನ ಫೋನ್. "ಈ ವರ್ಷ ಬಳ್ಳಾರಿ ಬ್ಯಾಡವ್ವ. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಅಪ್ಪ ಎದ್ದು ನಡೆಯುತ್ತಾನಾ? ಕೇಳಲಿಲ್ಲ. "ಹ್ಞೂಂ" ಎಂದೆ. ಅಜ್ಜಿಯ ಹಾಗೇ ಎಂದೆ. ಫೋನ್ ಇಟ್ಟು ಅಡುಗೆಮನೆಯ ಗೋಡೆಗೆ ಹಣೆ ಹಚ್ಚಿ ನಿಂತೆ. ಅಪ್ಪ ಕರೆದ. ಹೋಗಿ ಬಲಕ್ಕೆ ಹೊರಳಿಸಿದೆ.

ಅಕ್ಟೋಬರ್ 2

ಇವತ್ತು ಅಪ್ಪನ ಗಡ್ಡ ತೆಗೆಯುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದ, "ನಿಮ್ಮಜ್ಜಿ ಒಂದ್ಸಲ ಮನಿ ಬಿಟ್ಟು ಹೋಗಿದ್ಲು, ಗೊತ್ತೇನು?"

ರೇಜರ್ ನಿಂತಿತು.

"ನೀನು ಸಾಲಿಗಿ ಹೋಗಿದ್ದಿ. ಚಲೋ ಸೀರಿ ಉಟ್ಕಂಡು ಹೊಸಪೇಟಿ ಬಸ್ ಸ್ಟ್ಯಾಂಡಿಗೆ ಹೋಗಿ ಕುಂತಿದ್ಲಂತ."

"ಎಲ್ಲಿಗೆ ಹೊಂಟಿದ್ಲು?"

"ಆಕಿಗೂ ಗೊತ್ತಿದ್ದಿಲ್ಲ. ನಾನು ಇಲ್ಲಿ ಹಸ್ಕಂಡು ಬಿದ್ದಿದ್ದೆ. ವಾಪಸ್ ಬಂದು ಬಾಗ್ಲಾಗ ನಿಂತು ನನ್ನ ಹೆಸ್ರು ಹಿಡ್ದು ಅಂದ್ಲು — ಪಾಲಾ, ನಿನ್ನ ಬಿಟ್ಟು ಹೋಗಿದ್ದೆ. ಕೂಸಿನ ಸಾಲಿ ಬಿಡೋ ಹೊತ್ತಾತು, ಅದ್ಕ ಬಂದೆ. ನಿನ್ನ ಸಲುವಾಗಿ ಬರ್ಲಿಲ್ಲ."

ಅಪ್ಪ ನಗುತ್ತಿದ್ದ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿದೆ.

ನನ್ನ ಸಲುವಾಗಿ ಬಂದಳು. ಅಜ್ಜಿಗೆ ಬೀಗ ನಾನು.

"ಸುಷ್ಮೀ, ನೀನು ಬಳ್ಳಾರಿಗೆ ಹೋಗು."

"ನಿನ್ನ ಯಾರು ನೋಡ್ತಾರ?"

"ಆಕಿ ಜಡೆಪ್ಪಗೂ ಅವ್ವನ. ಫ್ಲೆಕ್ಸ್ ಕಟ್ಯಾನಲ್ಲ? ಬರ್ಲಿ."

ಸುಮ್ಮನೆ ಹೇಳುತ್ತಾನೆ ಅಂದುಕೊಂಡೆ.

ಅಕ್ಟೋಬರ್ 4

ಅಪ್ಪ ನಿನ್ನೆಯಿಂದ ತಿಂದಿಲ್ಲ. "ನಿನ್ನ ಕೈಲೆ ನೀರೂ ಬ್ಯಾಡ" ಎಂದವನು ಹಲ್ಲು ಬಿಗಿಹಿಡಿದಿದ್ದಾನೆ. ಬೇಡಿಕೊಂಡೆ. ಕಿರುಚಿದೆ. ಚಮಚ ತುರುಕಿದರೆ ಉಗುಳಿದ. ಅವನ ಮೈಯಲ್ಲಿ ಅವನ ಮಾತು ಕೇಳುವುದು ಬಾಯಿ ಒಂದೇ. ಅದನ್ನೂ ಮುಚ್ಚಿಬಿಟ್ಟ.

ಹೆದರಿ ಕಾಕಾನಿಗೆ ಫೋನ್ ಮಾಡಿದೆ. ಸಂಡೂರಿನಿಂದ ಬೈಕಿನಲ್ಲಿ ಬಂದವನು ನನ್ನ ಮೇಲೇ ರೇಗಿದ. "ಏನಂದಿ ಅಣ್ಣಗ?"

"ಆಕಿ ಏನೂ ಅಂದಿಲ್ಲ. ನೀನ ತಿನ್ಸು, ಇಲ್ಲಂದ್ರ ಬಿಡು" ಎಂದ ಅಪ್ಪ. ದನಿ ಒಣಗಿತ್ತು.

ಕಾಕಾ ತಿನ್ನಿಸಿದ. ಅರ್ಧ ಗಂಜಿ ಕುತ್ತಿಗೆಗೆ. ಆಮೇಲೆ ಹಾಸಿಗೆ ಸ್ವಚ್ಛ ಮಾಡುವ ಹೊತ್ತು ಬಂತು. ನಾನು ಮುಂದೆ ಹೋದರೆ ಅಪ್ಪ, "ನೀನು ಹೊರಗ ನಡಿ" ಎಂದ. ಸ್ವಲ್ಪ ಹೊತ್ತಿಗೆ ಕಾಕಾ ಓಡಿ ಬಂದು ಅಂಗಳದಲ್ಲಿ ವಾಂತಿ ಮಾಡಿಕೊಂಡ. ಬಾಯಿ ತೊಳೆದು ಮತ್ತೆ ಒಳಗೆ ಹೋದ.

ಆಮೇಲೆ ಕಟ್ಟೆಯ ಮೇಲೆ ಕೂತು ಕೇಳಿದ, "ಅವ್ವ ಇದನ್ನ ದಿನಾ ಮಾಡ್ತಿದ್ಲಾ?"

"ದಿನಾ."

ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡ. "ರಜಾ ಹಾಕ್ತೀನಿ. ದಸರಾ ಮಟ. ಆಮ್ಯಾಕ ನೋಡೋಣ."

ಆಮ್ಯಾಕ ನೋಡೋಣ... ಅವತ್ತು ಫೋನಿನಲ್ಲೂ 'ನೋಡೋಣ' ಎಂದೇ ಅಂದಿದ್ದ.

ಅಕ್ಟೋಬರ್ 7, ಬೆಳಿಗ್ಗೆ

ಬ್ಯಾಗ್ ಹೊಸ್ತಿಲಲ್ಲಿ. ಆಟೋ ಬರಬೇಕು. ಇವತ್ತು ಕಾಲೇಜಿನಲ್ಲಿ ರಿಪೋರ್ಟ್ ಮಾಡದಿದ್ದರೆ ಸೀಟ್ ಹೋಗುತ್ತದೆ.

ಕಾಕಾ ಒಬ್ಬನೇ ಅಪ್ಪನನ್ನು ಹೊರಳಿಸಿದ. ತಪ್ಪು ಕಡೆಗೆ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. "ಹೋಗಿ ಬರ್ತೀನಿ" ಎಂದರೆ ಅಪ್ಪ ಗೋಡೆಯ ಕಡೆ ನೋಡುತ್ತಾ "ಹ್ಞೂಂ" ಎಂದ, ಅಷ್ಟೇ.

ಆಟೋ ಬಂತು. ಹಾರ್ನ್. "ಜಲ್ದಿ ನಡಿಯವ್ವ, ಬಸ್ ಹೋಗ್ತತಿ!" ಕಾಕಾ ಹೊರಗೆ ಬ್ಯಾಗ್ ಏರಿಸುತ್ತಿದ್ದಾನೆ.

ಒಳಗಿಂದ ಅಪ್ಪ ಕರೆದ. "ಸುಷ್ಮೀ."

ಚಪ್ಪಲಿ ಮೆಟ್ಟಾಗಿದೆ. ಒಳಗೆ ಹೋದರೆ ಹೊರಗೆ ಬರಲಾರೆ, ಗೊತ್ತು.

ಮತ್ತೆ ಕರೆದ. ನೀರು ಬೇಕಾ? ಬೆನ್ನು ಉರಿಯುತ್ತಿದೆಯಾ? ಇಲ್ಲಾ ಸುಮ್ಮನೆ, ಹೆಸರು ಹಿಡಿದು ಒಮ್ಮೆ —

ಈಗ ಸುಮ್ಮನಾದ. ಅಪ್ಪ ಸುಮ್ಮನಾದರೆ ಹೋಗು ಎಂದೇ ಅರ್ಥ, ಅವತ್ತು ಹಲ್ಲು ಬಿಗಿಹಿಡಿದ ಹಾಗೆ. ಆಟೋ ಹತ್ತುತ್ತೇನೆ.